ಗುಳಿಗೆಗಿಂತ ಮೊದಲು ವೇಳಾಪಟ್ಟಿ

ಔಷಧಿ ಬೀರು, ತೂಕದ ಯಂತ್ರ, ಎತ್ತರ ಅಳೆಯುವ ಪಟ್ಟಿ, ರೆಕ್ಸಿನ್ ಹೊದಿಸಿದ ಒಂದು ಮಂಚ. ಶಾಲೆಯ ನರ್ಸ್ ಕೋಣೆಯಲ್ಲಿ ಇವೆಲ್ಲ ಇದ್ದೇ ಇರುತ್ತವೆ. ನಾನು ಕನ್ನಡ ಪಾಠ ಮಾಡುತ್ತಿದ್ದ ಉತ್ತರ ಕರ್ನಾಟಕದ ವಸತಿ ಶಾಲೆಯ ಸಿಸ್ಟರ್ ಇವುಗಳ ಜೊತೆಗೆ ಇನ್ನೊಂದು ಇಟ್ಟುಕೊಂಡಿದ್ದರು. ಬೀರುವಿನ ಬಾಗಿಲಿಗೆ ಶಾಲೆಯ ವೇಳಾಪಟ್ಟಿ ಅಂಟಿಸಿದ್ದರು. ಆರರಿಂದ ಹತ್ತನೇ ತರಗತಿಯವರೆಗೆ ಯಾವ ದಿನ ಯಾವ ಪಿರಿಯಡ್, ಯಾವ ಮೇಷ್ಟ್ರು, ಯಾವಾಗ ಟೆಸ್ಟ್ ಎಲ್ಲವೂ ಅದರಲ್ಲಿತ್ತು. ಟೆಸ್ಟ್ ಇದ್ದ ಕಡೆ ಕೆಂಪು ಪೆನ್ನಿನ ಚುಕ್ಕೆ. ಹುಡುಗನೊಬ್ಬ ಬಾಗಿಲಲ್ಲಿ ನಿಂತು “ಸಿಸ್ಟರ್, ಹೊಟ್ಟಿ ನೋಯಾಕತ್ತೈತ್ರಿ” ಅಂದರೆ ಅವರ ಕಣ್ಣು ಮೊದಲು ಗಡಿಯಾರಕ್ಕೆ ಹೋಗುತ್ತಿತ್ತು, ಅಲ್ಲಿಂದ ಬೀರುವಿನ ಬಾಗಿಲಿಗೆ, ಕಡೆಗೆ ಹುಡುಗನ ಮುಖಕ್ಕೆ. ಇಷ್ಟಕ್ಕೆ ಎರಡು ಸೆಕೆಂಡ್ ಸಾಕು. ಹುಡುಗನಿಗೆ ಅದು ಗೊತ್ತೂ ಆಗುತ್ತಿರಲಿಲ್ಲ.

ಆಸ್ಪತ್ರೆಯ ನರ್ಸ್‌ಗೆ ಬೆನ್ನ ಹಿಂದೆ ಡಾಕ್ಟರು ಇರುತ್ತಾರೆ, ಪಕ್ಕದಲ್ಲಿ ಇನ್ನೊಬ್ಬ ನರ್ಸ್ ಇರುತ್ತಾರೆ, ರೋಗಿ ಹೇಗೂ ರೋಗಿ ಅಂತಲೇ ಬಂದಿರುತ್ತಾನೆ. ಶಾಲೆಯ ನರ್ಸ್‌ಗೆ ಈ ಮೂರೂ ಇಲ್ಲ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮಾದರಿಯ ವಸತಿ ಶಾಲೆಗಳಲ್ಲಿ ಸಾಮಾನ್ಯವಾಗಿ ಇನ್ನೂರೈವತ್ತು ಮಕ್ಕಳಿಗೆ ಒಬ್ಬರೇ ಸ್ಟಾಫ್ ನರ್ಸ್. ಬಂದ ಮಗುವನ್ನು ತಿರುಗಿ ಕ್ಲಾಸಿಗೆ ಕಳಿಸಬೇಕೋ, ಮಂಚದ ಮೇಲೆ ಮಲಗಿಸಿಕೊಳ್ಳಬೇಕೋ, ಜೀಪ್ ಹತ್ತಿಸಿ ಊರಿನ ಆಸ್ಪತ್ರೆಗೆ ಒಯ್ಯಬೇಕೋ ಎಂಬುದನ್ನು ಅವರು ಒಬ್ಬರೇ, ನಿಂತ ನಿಲುವಿನಲ್ಲೇ ತೀರ್ಮಾನಿಸಬೇಕು. ಔಷಧಿ ಕೊಡುವುದು ಆಮೇಲಿನ ಮಾತು. ಈ ಮೂರರಲ್ಲಿ ಯಾವುದು ಎಂದು ತಪ್ಪದೆ ಆರಿಸುವುದೇ ಈ ಕಸುಬಿನ ಕಸುಬು ಅಂತ ನನಗೆ ಅನ್ನಿಸಿದೆ. ಹೊರಗಿನಿಂದ ನೋಡುವವರಿಗೆ ಬ್ಯಾಂಡೇಜು, ಬಿಸಿನೀರು ಮಾತ್ರ ಕಾಣುತ್ತವೆ.

ಅಮೆರಿಕದಲ್ಲಿ ಮಗುವನ್ನು ಕ್ಲಾಸಿಗೆ ವಾಪಸ್ ಕಳಿಸುವುದಕ್ಕೆಂದೇ ಈ ಹುದ್ದೆ ಹುಟ್ಟಿದ್ದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳಿಗೆ ವೈದ್ಯ ತಪಾಸಕರು ಬರುತ್ತಿದ್ದರು. ಟ್ರಕೋಮಾದಿಂದ ಕಣ್ಣು ಕೆಂಪಾದವರು, ತಲೆಯಲ್ಲಿ ಹೇನಿದ್ದವರು, ಮೈಮೇಲೆ ಹುಳುಕಡ್ಡಿ ಎದ್ದವರು ಎಲ್ಲರನ್ನೂ ಆರಿಸಿ ಮನೆಗೆ ಅಟ್ಟುತ್ತಿದ್ದರು. ಮನೆಯಲ್ಲಿ ಔಷಧಿ ಮಾಡುವವರು ಯಾರು? ಹಾಗೆ ಅಟ್ಟಿಸಿಕೊಂಡವರಲ್ಲಿ ಬಹಳಷ್ಟು ಜನ ವಲಸಿಗ ಬಡವರ ಮಕ್ಕಳು. ಶಾಲೆ ಬಿಟ್ಟ ಮೇಲೆ ಅದೇ ಗೆಳೆಯರ ಜೊತೆ ಅದೇ ಬೀದಿಯಲ್ಲಿ ಆಡುತ್ತಿದ್ದರು, ರೋಗ ಅಲ್ಲೇ ಹಂಚಿಹೋಗುತ್ತಿತ್ತು. ಅದೇ ನಗರದ ಹೆನ್ರಿ ಸ್ಟ್ರೀಟಿನಿಂದ ಬಡವರ ಮನೆಬಾಗಿಲಿಗೆ ನರ್ಸ್‌ಗಳನ್ನು ಕಳಿಸುತ್ತಿದ್ದ ಲಿಲಿಯನ್ ವಾಲ್ಡ್, 1902ರ ಅಕ್ಟೋಬರಿನಲ್ಲಿ ಲೀನಾ ರಾಜರ್ಸ್ ಎಂಬ ನರ್ಸನ್ನು ಒಂದು ತಿಂಗಳ ಮಟ್ಟಿಗೆ ನಾಲ್ಕು ಶಾಲೆಗಳಿಗೆ ಕೊಟ್ಟು ನೋಡಿದರು. ರಾಜರ್ಸ್ ಮಾಡಿದ್ದು ದೊಡ್ಡ ವೈದ್ಯವೇನಲ್ಲ. ಶಾಲೆಯಲ್ಲೇ ಕಣ್ಣು ತೊಳೆದರು, ಗಾಯಕ್ಕೆ ಪಟ್ಟಿ ಕಟ್ಟಿದರು, ಸಂಜೆ ಮನೆಗೆ ಹೋಗಿ ತಾಯಂದಿರಿಗೆ ಹೇನು ತೆಗೆಯುವ ಬಗೆ ಹೇಳಿಕೊಟ್ಟರು. ತಿಂಗಳ ಪ್ರಯೋಗ ಕಾಯಂ ಆಯಿತು, ನಗರವೇ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿತು. 1902ರ ಸೆಪ್ಟೆಂಬರಿನಲ್ಲಿ ಹತ್ತು ಸಾವಿರ ದಾಟಿದ್ದ ಹೊರಹಾಕಿದ ಮಕ್ಕಳ ಲೆಕ್ಕ ಮರುವರ್ಷದ ಸೆಪ್ಟೆಂಬರಿಗೆ ಸುಮಾರು 1,100ಕ್ಕೆ ಇಳಿಯಿತು.

ನಮ್ಮ ದೇಶದಲ್ಲಿ ಶಾಲಾ ಮಕ್ಕಳ ವೈದ್ಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾದಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಸಮಿತಿಗಳು ಬಂದವು, ಯೋಜನೆಗಳು ಬಂದವು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಜೀಪಿನಲ್ಲಿ ಬಂದು ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಯ ಮಕ್ಕಳನ್ನು ನೋಡಿ ಹೋಗುತ್ತದೆ. ಒಳ್ಳೆಯ ಕೆಲಸವೇ. ಆದರೆ ಹೊಟ್ಟೆನೋವು ವರ್ಷಕ್ಕೊಮ್ಮೆ ಬರುವುದಿಲ್ಲವಲ್ಲ. ಊರ ಶಾಲೆಗಳಲ್ಲಿ ನರ್ಸ್ ಎಂಬ ಹುದ್ದೆಯೇ ಇಲ್ಲ, ಕಪಾಟಿನ ಮೇಲೊಂದು ಪ್ರಥಮ ಚಿಕಿತ್ಸೆಯ ಡಬ್ಬಿ ಇರುತ್ತದೆ, ಅದರ ಬೀಗದ ಕೈ ಹೆಡ್ಮಾಸ್ತರರ ಜೇಬಿನಲ್ಲಿರುತ್ತದೆ. ಕಾಯಂ ನರ್ಸ್ ಸಿಗುವುದು ಮಕ್ಕಳು ಅಲ್ಲೇ ಉಂಡು ಮಲಗುವ ವಸತಿ ಶಾಲೆಗಳಲ್ಲಿ, ನವೋದಯಗಳಲ್ಲಿ, ಮತ್ತೆ ಪಟ್ಟಣದ ದೊಡ್ಡ ಖಾಸಗಿ ಶಾಲೆಗಳಲ್ಲಿ.

ಹೊಟ್ಟೆನೋವಿನ ವಿಚಾರಕ್ಕೆ ಬರೋಣ. ಶಾಲಾ ನರ್ಸ್‌ಗಳ ಅರ್ಧ ಜೀವನ ಅದರಲ್ಲೇ ಕಳೆಯುತ್ತದೆ.

ಹತ್ತು ವರ್ಷದ ಮಗುವಿಗೆ ಹಸಿವಾದರೂ ಹೊಟ್ಟೆನೋವು, ಹೆಚ್ಚು ತಿಂದರೂ ಹೊಟ್ಟೆನೋವು. ಮೂರು ದಿನ ಸರಿಯಾಗಿ ಕಕ್ಕಸಿಗೆ ಹೋಗದಿದ್ದರೆ ಹೊಟ್ಟೆನೋವು, ಅಮ್ಮ ನೆನಪಾದರೆ ಹೊಟ್ಟೆನೋವು, ಹೋಂವರ್ಕ್ ಮಾಡದಿದ್ದರಂತೂ ಕೇಳಲೇಬೇಡಿ. ಇವುಗಳ ನಡುವೆ ಎಲ್ಲೋ ಒಂದು ಅಪೆಂಡಿಕ್ಸ್ ಇರುತ್ತದೆ. ಸಿಸ್ಟರ್ ಮಾಡುತ್ತಿದ್ದ ಮೊದಲ ಪರೀಕ್ಷೆ ಸರಳ. “ಎಲ್ಲಿ ನೋಯತೈತಿ, ಒಂದ ಬೆರಳಿಟ್ಟು ತೋರಸು.” ಹಸ್ತವನ್ನೆಲ್ಲ ಹೊಟ್ಟೆಯ ಮೇಲೆ ಗುಂಡಗೆ ಆಡಿಸಿದರೆ ಒಂದು ಲೆಕ್ಕ. ಬೆರಳು ಹೊಕ್ಕುಳ ಬಿಟ್ಟು ಬಲಗಡೆ ಕೆಳಗೆ ಹೋಗಿ ನಿಂತರೆ ಅವರ ಮುಖದ ನಗು ಹೋಗುತ್ತಿತ್ತು. ಅಪೆಂಡಿಕ್ಸ್ ನೋವು ಬಹಳ ಸಲ ಹೊಕ್ಕುಳ ಸುತ್ತ ಶುರುವಾಗಿ, ಗಂಟೆಗಳು ಕಳೆದಂತೆ ಬಲಕ್ಕೆ ಇಳಿಯುತ್ತದೆ. ಎರಡನೆಯದು: “ಒಂದ ಸಲ ಜಿಗದ ತೋರಸು ನೋಡೋಣು.” ನೆಪದ ನೋವಿನವನು ಧಾರಾಳವಾಗಿ ಜಿಗಿಯುತ್ತಾನೆ, ಇನ್ನೂ ಮೇಲಕ್ಕೆ ಜಿಗಿಯಲೇ ಎಂದು ಕೇಳುತ್ತಾನೆ. ಒಳಗೆ ಉರಿಯೂತ ಇರುವವನು ಜಿಗಿಯುವುದಿಲ್ಲ. ಜಿಗಿ ಅಂದರೂ ಬಾಗಿಕೊಂಡು ನಿಂತೇ ಇರುತ್ತಾನೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಜೀಪು ಹಂಪ್ಸ್ ಹತ್ತಿಳಿದಾಗ ಅವನ ಮುಖ ಕಿವುಚಿತೇ ಎಂದು ಸಿಸ್ಟರ್ ನೋಡುತ್ತಿದ್ದರು. ಹಂಪ್ಸಿನ ಮೇಲೆ ನೋವು ಹೆಚ್ಚಾಗುವುದು ವೈದ್ಯರೂ ಕೇಳುವ ಒಂದು ಲಕ್ಷಣ. ಹದಗೆಟ್ಟ ರಸ್ತೆಯಿಂದ ಆದ ಒಂದೇ ಉಪಕಾರ ಅದು ಅಂತ ಡ್ರೈವರ್ ಹೇಳುತ್ತಿದ್ದ.

ಈ ಜಿಗಿಯುವ ಗುಟ್ಟು ಹಾಸ್ಟೆಲಿನಲ್ಲಿ ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. ಒಂದು ಸೋಮವಾರ ಒಂಬತ್ತನೇ ತರಗತಿಯ ಹುಡುಗನೊಬ್ಬ ಬಂದ. ಸಿಸ್ಟರ್ ಬಾಯಿ ತೆಗೆಯುವ ಮೊದಲೇ “ನನಗ ಜಿಗಿಯಾಕ ಆಗೂದಿಲ್ರಿ” ಅಂದ. ಸಿಸ್ಟರ್ ತಲೆಯಾಡಿಸಿ, ಗಂಭೀರವಾಗಿ ಮಂಚ ತೋರಿಸಿದರು. ಮಂಚ ಎತ್ತರದ್ದು. ಹುಡುಗ ಒಂದೇ ನೆಗೆತಕ್ಕೆ ಹತ್ತಿ ಕೂತ.

ನಗುವಿನ ಈ ಪ್ರಸಂಗಗಳ ಪಕ್ಕದಲ್ಲೇ ನಗಲಾಗದ ಒಂದು ವಿಷಯ ಇದೆ, ಅದನ್ನು ಸಿಸ್ಟರ್ ಪ್ರತಿ ಜೂನಿನಲ್ಲೂ ನಮ್ಮೆಲ್ಲ ಗಂಡು ಮೇಷ್ಟ್ರುಗಳನ್ನು ಕೂರಿಸಿಕೊಂಡು ಹೇಳುತ್ತಿದ್ದರು. ಹನ್ನೆರಡು ಹದಿನಾಲ್ಕು ವರ್ಷದ ಹುಡುಗ ರಾತ್ರಿ ಎದ್ದು ಹೊಟ್ಟೆನೋವು ಎನ್ನುತ್ತಾನೆ, ವಾಂತಿ ಮಾಡುತ್ತಾನೆ. ನಿಜವಾಗಿ ನೋಯುತ್ತಿರುವುದು ವೃಷಣ. ಅದು ತಿರುಚಿಕೊಂಡು ರಕ್ತ ಹರಿಯುವುದು ನಿಂತಿರುತ್ತದೆ. ನಾಚಿಕೆಗೆ ಬಾಯಿ ಬಿಡುವುದಿಲ್ಲ. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುವ ಸಂಭವ ಹೆಚ್ಚು, ತಡವಾದಷ್ಟೂ ಕಷ್ಟ. “ನನ್ನ ಮುಂದ ಅವ ಹೇಳಂಗಿಲ್ಲ ಸರ, ನೀವ ಕೇಳಬೇಕು. ಬೆಳಗಾಗಲಿ ಅನಬ್ಯಾಡ್ರಿ.” ಮೊದಲ ಸಲ ಕೇಳಿದಾಗ ನಮ್ಮಲ್ಲಿ ಕೆಲವರು ನೆಲ ನೋಡಿಕೊಂಡು ಕೂತಿದ್ದರು. ಸಿಸ್ಟರ್ ಮುಖದಲ್ಲಿ ಸಂಕೋಚದ ಗೆರೆ ಕೂಡ ಇರಲಿಲ್ಲ. ಆ ನಿಸ್ಸಂಕೋಚವನ್ನು ನಾನು ಅವರ ಕೌಶಲದ ಲೆಕ್ಕಕ್ಕೇ ಸೇರಿಸುತ್ತೇನೆ.

ಇನ್ನು ಸುಳ್ಳು ಹೊಟ್ಟೆನೋವು. ಅವರು ಯಾವ ಮಗುವಿಗೂ “ಸುಳ್ಳು ಹೇಳ್ತೀ” ಅಂದದ್ದನ್ನು ನಾನು ಕೇಳಿಲ್ಲ. ಒಂದು ಲೋಟ ಬೆಚ್ಚನೆ ನೀರು, ಹತ್ತು ನಿಮಿಷ ಮಂಚ, ಆಮೇಲೆ “ಈಗ ಹೆಂಗೈತಿ?” ಬಹುಪಾಲು ಮಕ್ಕಳು “ಕಡಿಮಿ ಆತ್ರಿ” ಎಂದು ಎದ್ದು ಹೋಗುತ್ತಿದ್ದರು, ಅಷ್ಟೊತ್ತಿಗೆ ಟೆಸ್ಟಿನಲ್ಲಿ ಅರ್ಧ ಗಂಟೆ ಇನ್ನೂ ಬಾಕಿ ಇರುವಂತೆ ಸಿಸ್ಟರ್ ಲೆಕ್ಕ ಇಟ್ಟಿರುತ್ತಿದ್ದರು. ಸುಳ್ಳುಗಾರ ಅನ್ನಿಸಿಕೊಂಡ ಮಗು ನಿಜವಾಗಿ ನೋವು ಬಂದಾಗ ಬರುವುದಿಲ್ಲ ಎಂಬುದು ಅವರ ವಾದ. ನಮ್ಮ ಗಣಿತದ ಮೇಷ್ಟ್ರು ಇದನ್ನು ಒಪ್ಪುತ್ತಿರಲಿಲ್ಲ. ಸಿಸ್ಟರ್ ಕೋಣೆ ತಮ್ಮ ಪಿರಿಯಡ್ಡಿನ ಧರ್ಮಛತ್ರ ಆಗಿದೆ ಎಂದು ಸ್ಟಾಫ್ ಮೀಟಿಂಗಿನಲ್ಲೇ ಹೇಳಿದ್ದರು.

ಆ ದೂರಿಗೆ ಉತ್ತರ ರಿಜಿಸ್ಟರಿನಿಂದ ಬಂತು. ಬಂದ ಪ್ರತಿ ಮಗುವಿನ ಹೆಸರು, ಸಮಯ, ದೂರು, ಮಾಡಿದ ಉಪಚಾರವನ್ನು ಸಿಸ್ಟರ್ ಬರೆಯುತ್ತಿದ್ದರು. ಉದ್ದ ನೋಟ್‌ಬುಕ್, ಸ್ಕೇಲಿನಿಂದ ಗೆರೆ ಎಳೆದದ್ದು. ಅದನ್ನು ತಿಂಗಳಿಗೊಮ್ಮೆ ಹಿಂದಿನಿಂದ ಮುಂದಕ್ಕೆ ಓದುತ್ತಿದ್ದರು. ಏಳನೇ ತರಗತಿಯ ಹುಡುಗಿಯೊಬ್ಬಳಿಗೆ ತಲೆನೋವು, ಮತ್ತೆ ಮತ್ತೆ ತಲೆನೋವು, ಎಲ್ಲ ಗಣಿತ ಮತ್ತು ವಿಜ್ಞಾನದ ಪಿರಿಯಡ್ ಮುಗಿದ ಮೇಲೆ. ಪಿರಿಯಡ್ ತಪ್ಪಿಸುವವರು ಮೊದಲೇ ಬರುತ್ತಾರೆ, ಮುಗಿದ ಮೇಲೆ ಬರುವುದಿಲ್ಲ. ಆರು ಮೀಟರ್ ಅಳೆದು ಗೋಡೆಗೆ ಅಕ್ಷರಗಳ ಪಟ್ಟಿ ಹಾಕಿ ಒಂದೊಂದು ಕಣ್ಣು ಮುಚ್ಚಿಸಿ ಓದಿಸಿದರು. ಮೂರನೇ ಸಾಲಿನ ಹೊತ್ತಿಗೆ ಹುಡುಗಿ ಊಹೆ ಮಾಡಲು ಶುರುಮಾಡಿದಳು. ಬೋರ್ಡಿನ ಮೇಲೆ ಹೆಚ್ಚು ಬರೆಯುವ ಎರಡು ವಿಷಯಗಳು ಅವು, ಅವಳು ಕೂರುತ್ತಿದ್ದದ್ದು ಹಿಂದಿನ ಬೆಂಚಿನಲ್ಲಿ. ಕನ್ನಡಕ ಬಂದ ಮೇಲೆ ಅದೇ ಗಣಿತದ ಮೇಷ್ಟ್ರು ಅವಳನ್ನು ಮುಂದಿನ ಬೆಂಚಿಗೆ ತಂದು ಕೂರಿಸಿದರು. ಧರ್ಮಛತ್ರದ ಮಾತು ಮತ್ತೆ ಬರಲಿಲ್ಲ.

ಜ್ವರ ಅಳೆಯುವುದರಲ್ಲಿ ಮಕ್ಕಳ ಜಾಣತನವೇ ಬೇರೆ. ಪಾದರಸದ ಥರ್ಮಾಮೀಟರ್ ಇದ್ದ ಕಾಲದಲ್ಲಿ ಅದನ್ನು ಕಂಬಳಿಗೆ ತಿಕ್ಕುತ್ತಿದ್ದರಂತೆ, ಚಹಾದಲ್ಲಿ ಅದ್ದುತ್ತಿದ್ದರಂತೆ. ಈಗ ಡಿಜಿಟಲ್ ಬಂದು ಪೀಂ ಎನ್ನುವವರೆಗೆ ಸಿಸ್ಟರ್ ಎದುರಿಗೇ ಕೂರಬೇಕು. ಹಾಗಾಗಿ ಮಕ್ಕಳು ಹಳೆಯ ಅಸ್ತ್ರಕ್ಕೇ ಮರಳಿದ್ದಾರೆ: ಕಂಕುಳಲ್ಲಿ ಉಳ್ಳಾಗಡ್ಡಿ. ರಾತ್ರಿಯಿಡೀ ಉಳ್ಳಾಗಡ್ಡಿ ಇಟ್ಟುಕೊಂಡರೆ ಬೆಳಿಗ್ಗೆ ಜ್ವರ ಬರುತ್ತದೆ ಎಂದು ಯಾವ ತಲೆಮಾರಿನ ಯಾವ ಹುಡುಗ ಕಂಡುಹಿಡಿದನೋ, ಕರ್ನಾಟಕದ ಎಲ್ಲ ಹಾಸ್ಟೆಲುಗಳಲ್ಲೂ ಈ ನಂಬಿಕೆ ಅಳಿಯದೆ ಉಳಿದಿದೆ. ಜ್ವರ ಬರುವುದಿಲ್ಲ. ವಾಸನೆ ಬರುತ್ತದೆ. ವಾರ್ಷಿಕ ಕ್ರಾಸ್‌ಕಂಟ್ರಿ ಓಟದ ಬೆಳಿಗ್ಗೆ ಸಾಲಾಗಿ ಬಂದ ನಾಲ್ವರನ್ನು ಸಿಸ್ಟರ್ ದೂರದಿಂದಲೇ ಮೂಸಿ ಕೇಳಿದ್ದರು: “ಜ್ವರ ಬಂದೈತೋ, ಗಿರಮಿಟ್ ಮಾಡಾಕ ಹೊಂಟೀರೋ?” ಆದರೂ ನಾಲ್ವರಿಗೂ ಥರ್ಮಾಮೀಟರ್ ಇಟ್ಟರು. ನಾಲ್ಕನೆಯವನಿಗೆ ನಿಜವಾಗಿ 101 ಡಿಗ್ರಿ ಇತ್ತು. ಪಾಪ, ಅವನು ಉಳ್ಳಾಗಡ್ಡಿಯ ಮಹಿಮೆ ಎಂದು ಹಿಗ್ಗಿದ್ದ. ಸಿಸ್ಟರ್ ಅವನನ್ನು ಮೊದಲು ತೂಕ ಮಾಡಿದರು. ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿನ ಮೇಲಲ್ಲ, ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಅದೇ ತರಗತಿಯಲ್ಲಿ ಇಪ್ಪತ್ತಾರು ಕಿಲೋದವನೂ ಇರುತ್ತಾನೆ, ಐವತ್ತರವನೂ ಇರುತ್ತಾನೆ. “ಎಲ್ಲಾರಿಗೂ ಒಂದೊಂದು ಗುಳಿಗಿ” ಎನ್ನುವ ಪದ್ಧತಿ ಅವರ ಹತ್ತಿರ ಇರಲಿಲ್ಲ.

ಮಕ್ಕಳ ಆಟ ಅವರಿಗೆ ಯಾವತ್ತೂ ಸಿಟ್ಟು ತರಿಸಿದ್ದಿಲ್ಲ. ತಲೆ ಕೆಡಿಸುತ್ತಿದ್ದವರು ದೊಡ್ಡವರು.

ಬೆಳಗಿನ ಪ್ರಾರ್ಥನೆಯಲ್ಲಿ ಹುಡುಗಿಯೊಬ್ಬಳು ತಲೆಸುತ್ತಿ ಬೀಳುತ್ತಾಳೆ ಅಂದುಕೊಳ್ಳಿ. ಖಾಲಿ ಹೊಟ್ಟೆ, ಬಿಸಿಲು, ಸಾವಧಾನದಲ್ಲಿ ಕದಲದೆ ನಿಂತು ನಿಂತು ರಕ್ತವೆಲ್ಲ ಕಾಲಿಗಿಳಿದಿರುತ್ತದೆ, ಮಿದುಳಿಗೆ ಸಾಲದಾಗುತ್ತದೆ. ಬೀಳುವುದೇ ಒಂದು ರೀತಿಯಲ್ಲಿ ಔಷಧಿ. ಮಲಗಿದ ಕೂಡಲೇ ರಕ್ತ ತಲೆಗೆ ಹೋಗುತ್ತದೆ. ಮಲಗಿರಲು ಬಿಟ್ಟು ಕಾಲು ಮಾತ್ರ ಎತ್ತಿ ಹಿಡಿದರೆ ಸಾಕು. ಅಷ್ಟರಲ್ಲಿ ಮೂವರು ಮೇಷ್ಟ್ರು ಓಡಿ ಬಂದು “ಕೂಡಸ್ರಿ, ಕೂಡಸ್ರಿ” ಎಂದು ಅವಳನ್ನು ಎತ್ತಿ ಕೂರಿಸಿರುತ್ತಾರೆ, ಅವಳು ಮತ್ತೆ ಕಣ್ಣು ಮೇಲೆ ಮಾಡಿರುತ್ತಾಳೆ. ಒಬ್ಬರು ಮುಖಕ್ಕೆ ನೀರೆರಚುತ್ತಾರೆ, ಇನ್ನೊಬ್ಬರು ಪ್ರಜ್ಞೆಯಿಲ್ಲದ ಬಾಯಿಗೇ ನೀರು ಹಾಕಲು ಹೋಗುತ್ತಾರೆ. ಮೂಗಿನಿಂದ ರಕ್ತ ಬಂದರೆ ಪಿ.ಟಿ. ಮೇಷ್ಟ್ರು ತಲೆ ಹಿಂದಕ್ಕೆ ಬಾಗಿಸಿ ನೆತ್ತಿಗೆ ನೀರು ಸುರಿಯುತ್ತಾರೆ. ರಕ್ತ ಗಂಟಲಿಗಿಳಿದು ಹೊಟ್ಟೆ ಸೇರುತ್ತದೆ, ಸ್ವಲ್ಪ ಹೊತ್ತಿಗೆ ಹುಡುಗ ಅದನ್ನು ವಾಂತಿ ಮಾಡುತ್ತಾನೆ, ರಕ್ತವಾಂತಿ ಎಂದು ಇಡೀ ಶಾಲೆ ಗಾಬರಿ. ಮಾಡಬೇಕಾದದ್ದು ಇಷ್ಟೇ: ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಿನಿಂದ ಒತ್ತಿಹಿಡಿದು, ಬಾಯಿಯಿಂದ ಉಸಿರಾಡಿಸಿ, ಗಡಿಯಾರ ನೋಡಿ ಹತ್ತು ನಿಮಿಷ. ಕಷ್ಟ ಇರುವುದು ಆ ಹತ್ತು ನಿಮಿಷದಲ್ಲಿ. ನಿಂತಿತೇ ಎಂದು ನಿಮಿಷಕ್ಕೊಮ್ಮೆ ಬೆರಳು ತೆಗೆದು ನೋಡುವ ಚಾಳಿ ಎಲ್ಲರಿಗೂ ಇದೆ. ಸಿಸ್ಟರ್ ಹುಡುಗನ ಕೈಗೇ ವಾಚು ಕೊಟ್ಟು, ತಾವು ಮೂಗು ಹಿಡಿದು, ಸುತ್ತ ನಿಂತವರಿಗೆ ಏನಾದರೊಂದು ಕೆಲಸ ಹೇಳಿ ಕಳಿಸುತ್ತಿದ್ದರು. ಒಬ್ಬರಿಗೆ ಟವೆಲ್, ಒಬ್ಬರಿಗೆ ನೀರು, ಒಬ್ಬರಿಗೆ ಪ್ರಾಂಶುಪಾಲರಿಗೆ ಸುದ್ದಿ. ಅವುಗಳಲ್ಲಿ ಒಂದೂ ಅವರಿಗೆ ಬೇಕಿರುತ್ತಿರಲಿಲ್ಲ. ಗುಂಪು ಚದುರಿದರೆ ಸಾಕಿತ್ತು.

ಮೂರ್ಛೆರೋಗದ ಹುಡುಗನೊಬ್ಬನಿದ್ದ ವರ್ಷ ಅವರು ಹಾಸ್ಟೆಲಿನ ಹುಡುಗರಿಗೆ ತರಬೇತಿ ಕೊಟ್ಟರು, ದೊಡ್ಡವರಿಗೆ ಕೊಡಲಿಲ್ಲ. ದೊಡ್ಡವರಾದರೆ ಬೀಗದ ಕೈಗೊಂಚಲು ಹುಡುಕುತ್ತಾರೆ, ಕಬ್ಬಿಣ ಹಿಡಿಸಲು. ಮಕ್ಕಳು ಹೇಳಿದ್ದನ್ನಷ್ಟೇ ಮಾಡುತ್ತಾರೆ: ಸುತ್ತಲಿನ ಬೆಂಚು ಸರಿಸು, ತಲೆಯ ಕೆಳಗೆ ಏನಾದರೂ ಮೆತ್ತಗಿನದು ಇಡು, ಮಗ್ಗುಲಿಗೆ ಮಲಗಿಸು, ಬಾಯೊಳಗೆ ಏನೂ ತುರುಕಬೇಡ, ಎಷ್ಟು ನಿಮಿಷ ಎಂದು ಎಣಿಸು, ಐದು ದಾಟಿದರೆ ಆಸ್ಪತ್ರೆ. ಎರಡು ಸಲ ಫಿಟ್ಸ್ ಬಂದಾಗಲೂ ರೂಮಿನ ಗೆಳೆಯರು ಅದನ್ನು ತಪ್ಪಿಲ್ಲದೆ ಮಾಡಿದರು.

ಕಬಡ್ಡಿಯಲ್ಲಿ ಎಂಟನೇ ತರಗತಿಯವನ ಮುಂದಿನ ಹಲ್ಲು ಬೇರುಸಮೇತ ಕಿತ್ತುಬಂದದ್ದು ಇನ್ನೊಂದು ಕಥೆ. ಹುಡುಗನನ್ನು ಎಲ್ಲರೂ ಹೊತ್ತು ತಂದರು, ಹಲ್ಲನ್ನು ಯಾರೂ ತರಲಿಲ್ಲ. ಸಿಸ್ಟರ್ ಬಾಯಿಗೆ ಬಟ್ಟೆ ಕಚ್ಚಿಸಿ ಕೂಗಿದ ಮೊದಲ ಮಾತೇ “ಹಲ್ಲು ಹುಡಕ್ರಿ”. ಹಾಲುಹಲ್ಲಾದರೆ ಬಿಡಬಹುದು. ಕಾಯಂ ಹಲ್ಲನ್ನು ಮೇಲಿನ ಬಿಳಿ ಭಾಗದಲ್ಲೇ ಹಿಡಿದು, ಬೇರನ್ನು ಉಜ್ಜದೆ, ಹಾಲಿನಲ್ಲಿಟ್ಟು ಗಂಟೆಯೊಳಗೆ ದಂತವೈದ್ಯರ ಹತ್ತಿರ ಒಯ್ದರೆ ಮತ್ತೆ ಕೂಡುವ ಸಾಧ್ಯತೆ ಇದೆ. ಬೇರಿನ ಮೇಲಿನ ಜೀವಕೋಶಗಳು ಒಣಗಬಾರದು, ಅಷ್ಟೇ. ಮೈದಾನದಲ್ಲಿ ಇಡೀ ತಂಡ ಮಂಡಿಯೂರಿ ಮಣ್ಣು ಕೆದಕಿ ಹಲ್ಲು ಹುಡುಕಿತು. ಅಡುಗೆಯವ್ವನಿಗೆ ಅರ್ಧ ಲೋಟ ತಣ್ಣನೆ ಹಾಲು ತರಲು ಹೇಳಿದರೆ, ಪಾಪದ ಹುಡುಗ ಕುಡಿಯಲಿ ಎಂದು ಬಿಸಿ ಮಾಡಿ ಸಕ್ಕರೆ ಹಾಕಿ ತಂದಳು.

ತಂದೆತಾಯಂದಿರು ಭೇಟಿಗೆ ಬರುವ ಭಾನುವಾರದ ಮರುದಿನ ಕೋಣೆಯ ಮುಂದೆ ಸಾಲು. ಶೇಂಗಾ ಹೋಳಿಗೆ, ಚಕ್ಕುಲಿ, ಡಬ್ಬಿಯಲ್ಲಿ ಮಧ್ಯಾಹ್ನದವರೆಗೂ ಬಿಸಿಲಿಗೆ ಕೂತ ಕೋಳಿಸಾರು, ಹಂಚಿ ತಿಂದ ಇಡೀ ರೂಮಿಗೆ ಭೇದಿ. ಒಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವಂತೆ ಪೂರ್ತಿ ಒಂದು ಲೀಟರ್ ನೀರಿಗೆ ಕರಗಿಸಬೇಕು. ಮಕ್ಕಳು ರುಚಿಗೆಂದು ಒಂದು ಲೋಟಕ್ಕೇ ಪೊಟ್ಟಣ ಸುರಿದುಕೊಳ್ಳುತ್ತಾರೆ, ಉಪ್ಪು ಹೆಚ್ಚಾಗಿ ಅದು ತಿರುಗಿ ಅಪಾಯ. ಹೀಗಾಗಿ ಸಿಸ್ಟರ್ ಬಕೆಟ್ಟಿನಲ್ಲಿ ತಾವೇ ಕಲಸಿ ಸೌಟಿನಿಂದ ಬಡಿಸುತ್ತಿದ್ದರು. ಫೋನಿನಲ್ಲಿ ತಂದೆಯವರದು ಒಂದೇ ಹಟ: “ಸೂಜಿ ಮಾಡಸ್ರಿ, ಸಲಾಯಿನ್ ಹಚ್ಚಸ್ರಿ.” ಕುಡಿಯಲು ಆಗುವ ಮಗುವಿಗೆ ಸಲಾಯಿನ್ ಏಕೆ ಎಂದು ವಿವರಿಸಿದರೆ, ಕಾಸು ಉಳಿಸುತ್ತಿದ್ದಾರೆ ಎಂಬ ಅನುಮಾನ. ಒಂದು ಫೋನಿಗೆ ಹತ್ತು ನಿಮಿಷದಂತೆ ಆ ದಿನ ಪೂರ್ತಿ ಅದೇ.

ಸೋಮವಾರವೇ ಕಬ್ಬಿಣಾಂಶದ ಮಾತ್ರೆಯ ದಿನವೂ ಹೌದು. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ, 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಊಟವಾದ ಮೇಲೆ, ಕಣ್ಣೆದುರಿಗೇ ನುಂಗಿಸಬೇಕು. ಖಾಲಿ ಹೊಟ್ಟೆಗೆ ಕೊಟ್ಟರೆ ವಾಕರಿಕೆ, ಒಬ್ಬಳು ವಾಕರಿಸಿದರೆ ಸಾಲಿನಲ್ಲಿದ್ದ ಹತ್ತು ಮಂದಿಗೂ ಬರುತ್ತದೆ. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ಮರುದಿನ ಹೆದರಿದ ಮುಖಗಳು. ನುಂಗಿದಂತೆ ನಟಿಸಿ ನಾಲಿಗೆಯ ಕೆಳಗಿಟ್ಟುಕೊಂಡು ಕಿಟಕಿಯಾಚೆ ಉಗುಳುವವರೂ ಇದ್ದರು. ಮೊದಲ ಮಳೆಗೆ ಏಳನೇ ತರಗತಿಯ ಕಿಟಕಿಯ ಕೆಳಗೆ ಮಣ್ಣೆಲ್ಲ ನೀಲಿಯಾಗಿ ಗುಟ್ಟು ರಟ್ಟಾಯಿತು. ಅವತ್ತಿನಿಂದ ಮಾತ್ರೆ ನುಂಗಿದವರು ತಮ್ಮ ಹೆಸರು, ಊರು, ತಂದೆಯ ಹೆಸರು ಜೋರಾಗಿ ಹೇಳಬೇಕಾಯಿತು. ನಾಲಿಗೆಯ ಕೆಳಗೆ ಮಾತ್ರೆ ಇದ್ದರೆ ಅಷ್ಟು ಮಾತು ನೀಲಿಯಾಗದೆ ಹೊರಡುವುದಿಲ್ಲ.

ಹುಡುಗಿಯರು ಜೋಡಿಯಾಗಿ ಬರುತ್ತಾರೆ. ನೋವು ಒಬ್ಬಳದು, ಮಾತು ಇನ್ನೊಬ್ಬಳದು. “ಇಕಿಗೆ ಹೊಟ್ಟಿನೋವ್ರಿ” ಎಂದು ಗೆಳತಿ ಹೇಳುವಾಗ ಇವಳು ಸೆರಗಿಲ್ಲದಿದ್ದರೂ ದುಪಟ್ಟಾದ ತುದಿ ತಿರುಚುತ್ತಿರುತ್ತಾಳೆ. ಸಿಸ್ಟರ್ ಮತ್ತೇನೂ ಕೇಳದೆ ಬಾಗಿಲಿಗೆ ಪರದೆ ಎಳೆದು, ಬೀರುವಿನ ಕೆಳ ಖಾನೆ ತೆಗೆಯುತ್ತಿದ್ದರು. ಆರನೇ ತರಗತಿಗೆ ಬಂದಾಗ ಏನೂ ಗೊತ್ತಿಲ್ಲದ ಹುಡುಗಿಯರೇ ಹೆಚ್ಚು. ತನಗೆ ಏನೋ ದೊಡ್ಡ ರೋಗ ಬಂದಿದೆ, ಸಾಯುತ್ತೇನೆ ಎಂದು ರಾತ್ರಿಯೆಲ್ಲ ಅತ್ತು ಬಂದವಳಿಗೆ ಗಂಟೆಗಟ್ಟಲೆ ಕೂತು ಹೇಳುತ್ತಿದ್ದರು. ಆ ಗಂಟೆಗಳು ರಿಜಿಸ್ಟರಿನಲ್ಲಿ ‘ಹೊಟ್ಟೆನೋವು, ವಿಶ್ರಾಂತಿ’ ಎಂದಷ್ಟೇ ದಾಖಲಾಗಿವೆ.

ನವೋದಯದ ನರ್ಸ್‌ಗಳಿಗೆ ಇನ್ನೊಂದು ತೊಡಕು. ಅಲ್ಲಿ ಒಂಬತ್ತನೇ ತರಗತಿಯ ಸುಮಾರು ಶೇಕಡಾ ಮೂವತ್ತರಷ್ಟು ಮಕ್ಕಳು ಒಂದು ವರ್ಷ ಹಿಂದಿ ನಾಡಿನ ಶಾಲೆಯೊಂದಕ್ಕೆ ಹೋಗುತ್ತಾರೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ಹದಿನಾಲ್ಕರ ಹುಡುಗ, ನೋವು ಹೇಳಿಕೊಳ್ಳಲೂ ಭಾಷೆ ಬಾರದ ಊರು, ರೊಟ್ಟಿ ಸಾರಿನ ರುಚಿಯೂ ಬೇರೆ. ಪಟ್ಟಣದ ಖಾಸಗಿ ಶಾಲೆಗಳ ಪುಟ್ಟ ಮಕ್ಕಳದು ಇನ್ನೂ ಬೇರೆ ಲೋಕ: ಮೂಗಿನೊಳಗೆ ಮಣಿ, ರಬ್ಬರು, ಹುಣಸೆಬೀಜ. ಅವು ಕಾಯುತ್ತವೆ. ಗುಂಡಿಯಂಥ ಚಿಕ್ಕ ಬ್ಯಾಟರಿ ಮಾತ್ರ ಕಾಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ಒಳಗಿನ ಚರ್ಮ ಸುಡುತ್ತದೆ. ಏನು ಹಾಕಿಕೊಂಡೆ ಎಂದು ನಾಲ್ಕು ವರ್ಷದ ಮಗುವಿನಿಂದ ನಿಜ ಹೊರಡಿಸುವುದು ಪೊಲೀಸರಿಗೂ ಆಗದ ಕೆಲಸ.

ನಾನು ಕಂಡ ಅವರ ಅತ್ಯಂತ ದೊಡ್ಡ ಕೆಲಸ ತುರಿಕಜ್ಜಿಯದು. ದಸರಾ ರಜೆ ಮುಗಿದು ಬಂದ ಕೆಲವು ವಾರಗಳಿಗೆ ಹುಡುಗರ ಹಾಸ್ಟೆಲಿನಲ್ಲಿ ರಾತ್ರಿ ಪರಪರ ಶುರುವಾಯಿತು. ಬೆರಳ ಸಂದು, ಮಣಿಕಟ್ಟು, ಸೊಂಟದ ಪಟ್ಟಿ, ಹಗಲಿಗಿಂತ ರಾತ್ರಿ ಹೆಚ್ಚು. ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುವ ಕಣ್ಣಿಗೆ ಕಾಣದ ಹುಳ. ಮೊದಲ ಸಲ ಅಂಟಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು, ಅಷ್ಟರಲ್ಲಿ ಅವರು ಹತ್ತು ಜನಕ್ಕೆ ಅಂಟಿಸಿರುತ್ತಾರೆ. ಆದ್ದರಿಂದ ತುರಿಸುವವರಿಗೆ ಮಾತ್ರ ಮುಲಾಮು ಹಚ್ಚಿ ಪ್ರಯೋಜನ ಇಲ್ಲ. ಹಚ್ಚಿದರೆ ಎಲ್ಲರಿಗೂ, ಒಂದೇ ರಾತ್ರಿ. ಇದನ್ನು ಮೇಲಿನವರಿಗೆ ಒಪ್ಪಿಸಲು ಸಿಸ್ಟರ್ ಬರೆದ ಇಂಡೆಂಟು ಎಷ್ಟು ಟೇಬಲ್ ಸುತ್ತಿತೋ. ಒಮ್ಮೆ ಕೇಳಿದ್ದು ಪರ್ಮೆಥ್ರಿನ್ ಮುಲಾಮು, ಬಂದದ್ದು ಕೆಮ್ಮಿನ ಸಿರಪ್.

ಕಡೆಗೆ ಮುಲಾಮು ಬಂತು. ಆ ಶನಿವಾರ ಸಂಜೆ ನೋಡಬೇಕಿತ್ತು. ಮುಂಚಿನ ದಿನವೇ ಹೊದಿಕೆ, ಬಟ್ಟೆಯೆಲ್ಲ ಬಿಸಿನೀರಿಗೆ ಬಿದ್ದು ಬಿಸಿಲಿಗೆ ಒಣಗಿದ್ದವು. ಒಗೆಯಲಾಗದ ಸ್ವೆಟರ್, ಶಾಲುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಮೂಲೆಗಿಟ್ಟಿದ್ದರು. ಮೈಬಿಟ್ಟು ಆ ಹುಳ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಊಟ ಮುಗಿದ ಮೇಲೆ ಹುಡುಗರು ಚಡ್ಡಿಯಲ್ಲಿ ಸಾಲುನಿಂತರು. ಸಿಸ್ಟರ್ ಕುರ್ಚಿಯ ಮೇಲೆ ನಿಂತು ಪಾಠ ಹೇಳಿದರು: ಕುತ್ತಿಗೆಯಿಂದ ಅಂಗಾಲಿನವರೆಗೆ ಬೆರಳಗಲ ಜಾಗವೂ ಬಿಡಬಾರದು, ಉಗುರಿನ ಅಡಿ, ಬೆರಳಿನ ಸಂದು, ಹೊಕ್ಕುಳ, ಬೆನ್ನಿಗೆ ಒಬ್ಬರಿಗೊಬ್ಬರು. ಹಚ್ಚಿ ಎಂಟು ಗಂಟೆಯಾದರೂ ಇರಬೇಕು, ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ದೊಡ್ಡ ಹುಡುಗರಿಗೆ ನಾಚಿಕೆ, ಸಣ್ಣವರಿಗೆ ಹಬ್ಬ. ಬೆಳಿಗ್ಗೆ ಎಲ್ಲರಿಗೂ ಸ್ನಾನ, ಒಗೆದ ಬಟ್ಟೆ. ಒಂದು ವಾರ ಬಿಟ್ಟು ಇದೇ ಪೂರ್ತಿ ಇನ್ನೊಂದು ಸಲ.

ಇಷ್ಟೆಲ್ಲ ಆದ ಮೇಲೂ ಹತ್ತು ದಿನಕ್ಕೆ ಹುಡುಗರು ತುರಿಸುತ್ತಲೇ ಇದ್ದರು. ವಾರ್ಡನ್ ಸಿಸ್ಟರ್ ಕೋಣೆಗೆ ಬಂದು, ಔಷಧಿ ನಕಲಿ ಇರಬೇಕು, ಇವತ್ತೇ ಮತ್ತೊಂದು ಸುತ್ತು ಹಚ್ಚಿಸಿ ಎಂದು ಗದ್ದಲ ಮಾಡಿದರು. ಬಹಳ ಕಡೆ ಇಲ್ಲೇ ತಪ್ಪಾಗುವುದು. ತುರಿಕೆ ನಿಲ್ಲಲಿಲ್ಲವೆಂದು ಮೇಲೆ ಮೇಲೆ ಹಚ್ಚಿ ಚರ್ಮವನ್ನೇ ಕೆಡಿಸಿಬಿಡುತ್ತಾರೆ. ಹುಳ ಸತ್ತ ಮೇಲೂ ಅದರ ಅವಶೇಷ ಚರ್ಮದಲ್ಲಿದ್ದು ಎರಡರಿಂದ ನಾಲ್ಕು ವಾರ ತುರಿಕೆ ಇರಬಹುದು. ಹೊಸ ಗುಳ್ಳೆ ಎದ್ದಿದೆಯೇ ಎಂಬುದೇ ಗುರುತು. ಸಿಸ್ಟರ್ ಪ್ರತಿದಿನ ಸಂಜೆ ಒಂದೊಂದು ರೂಮಿನ ಕೈಗಳನ್ನು ಟಾರ್ಚ್ ಹಾಕಿ ನೋಡುತ್ತಿದ್ದರು, ಹೊಸದು ಒಂದೂ ಇರಲಿಲ್ಲ.

“ಹುಳ ಸತ್ತೈತ್ರಿ ಸರ, ಚರ್ಮಕ್ಕ ಇನ್ನೂ ಸುದ್ದಿ ಮುಟ್ಟಿಲ್ಲ” ಅಂದರು. ವಾರ್ಡನ್ ಒಪ್ಪಲಿಲ್ಲ. ಮೇಜಿನ ಮೇಲೆ ಕೈಯೂರಿ ವಾದಿಸುತ್ತಲೇ ಎಡಗೈ ಮಣಿಕಟ್ಟನ್ನು ಬಲಗೈ ಉಗುರಿನಿಂದ ಕೆರೆದುಕೊಂಡರು. ಸಿಸ್ಟರ್ ಟಾರ್ಚ್ ಎತ್ತಿಕೊಂಡರು.

“ಆ ಶನಿವಾರ ರಾತ್ರಿ ನೀವು ಹಚಗೊಂಡಿದ್ರೇನ್ರಿ?”

“ನಾ ಯಾಕ ಹಚಗೋಬೇಕ್ರಿ? ನನಗೇನ ಕಜ್ಜಿ ಇತ್ತೇನು?”

ಸಿಸ್ಟರ್ ಬೀರು ತೆಗೆದು ಆರು ಟ್ಯೂಬ್ ಎಣಿಸಿ ಮೇಜಿನ ಮೇಲಿಟ್ಟರು. “ಮನಿಯಾಗ ಅಕ್ಕಾರಿಗೂ, ಮಕ್ಕಳಿಗೂ, ಅಜ್ಜಿಗೂ ಇವತ್ತ ರಾತ್ರಿನ ಹಚ್ರಿ. ಇಲ್ಲೆ ಸಹಿ ಮಾಡ್ರಿ” ಎಂದು ರಿಜಿಸ್ಟರನ್ನು ಅವರ ಕಡೆಗೆ ತಿರುಗಿಸಿದರು.